ಕಾಳುಮೆಣಸಿನ ‘ಎಕ್ಸ್‌ಪೋರ್ಟ್ ಡೇಟಾ’ ಮಾರುವವರು ಬಂದರೆ ಮೊದಲು ಕೋಡ್ ಕೇಳಿ

ಮೆಣಸು ನೇರವಾಗಿ ರಫ್ತು ಮಾಡೋಣ ಅಂತ ಹೊರಟಿರುವ ಬೆಳೆಗಾರರ ಗುಂಪುಗಳು ದಯವಿಟ್ಟು ಓದಿ.

ನಮ್ಮ ಗುಂಪು ಐಇಸಿ (ಆಮದು-ರಫ್ತಿಗೆ ಬೇಕಾದ ನೋಂದಣಿ) ನಂಬರ್ ಮಾಡಿಸಿದ್ದೇ ತಡ, ವಾಟ್ಸಾಪ್‌ನಲ್ಲಿ ಒಬ್ಬರು ಗಂಟುಬಿದ್ದರು. ಯಾವ ದೇಶಕ್ಕೆ ಎಷ್ಟು ಮೆಣಸು ಹೋಗುತ್ತೆ, ಕೊಳ್ಳುವವರು ಯಾರು, ಎಲ್ಲ ಕೊಡ್ತೀವಿ, 18 ಸಾವಿರ ಅಂದರು. ಸಭೆಯಲ್ಲಿ ಒಪ್ಪಿಗೆಯಾಯಿತು, ದುಡ್ಡು ಹೋಯಿತು, ಎಕ್ಸೆಲ್ ಫೈಲ್ ಬಂತು.

ಫೈಲಿನಲ್ಲಿ ಎಲ್ಲರಿಗಿಂತ ಮೇಲೆ ಚೀನಾ. ನಮ್ಮ ಹಿರಿಯರೊಬ್ಬರು ಆಗಲೇ ಕಂಟೇನರ್ ಬಾಡಿಗೆ ವಿಚಾರಿಸಲು ಶುರುಮಾಡಿದ್ದರು. ಮೌಲ್ಯವನ್ನು ತೂಕದಿಂದ ಭಾಗಿಸಿದೆ. ಕಿಲೋಗೆ 200 ರೂಪಾಯಿ ಆಸುಪಾಸು! ಆಗ ಸಕಲೇಶಪುರದಲ್ಲಿ ಮೆಣಸು 600 ದಾಟಿತ್ತು. ಆ ಬೆಲೆಗೆ ಯಾರಪ್ಪಾ ಕಳಿಸ್ತಾರೆ?

ಕೋಡ್ ಅಂದರೆ ಕಸ್ಟಮ್ಸ್ ಲೆಕ್ಕದಲ್ಲಿ ಪ್ರತಿ ಸರಕಿಗೂ ಇರುವ ಅಂಕಿ (ಎಚ್‌ಎಸ್ ಕೋಡ್). ಆ ಕಾಲಂ ನೋಡಿದರೆ ಬರೀ 0904. ಆ ನಾಲ್ಕು ಅಂಕಿಯೊಳಗೆ ಕಾಳುಮೆಣಸಿನ ಜೊತೆ ಒಣಮೆಣಸಿನಕಾಯಿ, ಖಾರದಪುಡಿ ಎಲ್ಲ ಬರುತ್ತೆ. ನಮ್ಮ ದೇಶದಿಂದ ಹೋಗುವುದರಲ್ಲಿ ಸಿಂಹಪಾಲು ಮೆಣಸಿನಕಾಯಿಯದೇ, ಚೀನಾ ಅದಕ್ಕೆ ದೊಡ್ಡ ಗಿರಾಕಿ. ಗುಂಟೂರಿನ ಲೆಕ್ಕ ತಂದು ಮಲೆನಾಡಿನವರಿಗೆ ಕಾಳುಮೆಣಸು ಅಂತ ಮಾರಿದ್ದರು.

ಕೇಳಬೇಕಾದ್ದು ಆರಂಕಿ ಕೋಡ್. ಪುಡಿ ಮಾಡದ ಕಾಳುಮೆಣಸಿಗೆ 090411, ಪುಡಿಗೆ 090412. ಒಣಮೆಣಸಿನಕಾಯಿಗೆ 090421, ಅದರ ಪುಡಿಗೆ 090422. ಈ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ. ಮುಂದಿನ ಎರಡನ್ನು ನಮ್ಮವರು ಸೇರಿಸಿಕೊಳ್ಳುತ್ತಾರೆ: ಗಾರ್ಬಲ್ಡ್ (ಕಸ, ಜೊಳ್ಳು ತೆಗೆದು ಹಸನು ಮಾಡಿದ್ದು) ಆದರೆ 09041130, ಅನ್‌ಗಾರ್ಬಲ್ಡ್ ಆದರೆ 09041140.

ಹೊಟ್ಟೆ ಉರಿಯೋದು ಏನಂದರೆ, ಇದೆಲ್ಲ ಬಿಟ್ಟಿ ಸಿಗುತ್ತೆ. ವಾಣಿಜ್ಯ ಸಚಿವಾಲಯದ ಟ್ರೇಡ್‌ಸ್ಟ್ಯಾಟ್ ವೆಬ್‌ಸೈಟಿನಲ್ಲಿ ಎಂಟಂಕಿ ಕೋಡ್ ಹಾಕಿದರೆ ದೇಶವಾರು ಲೆಕ್ಕ ಬರುತ್ತೆ. ಅಂಕಿಅಂಶ ಕೋಲ್ಕತ್ತದ ಡಿಜಿಸಿಐಎಸ್‌ನದು, ಅಂದರೆ ವ್ಯಾಪಾರದ ಲೆಕ್ಕ ಇಡುವ ಸರ್ಕಾರಿ ಕಚೇರಿಯದು. ವಿಯೆಟ್ನಾಂ ಎಷ್ಟು ಕಳಿಸ್ತು, ಅಮೆರಿಕ ಎಷ್ಟು ತರಿಸ್ತು ಅಂತ ಬೇಕಾದರೆ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಎಂಬ ವೆಬ್‌ಸೈಟ್ ಇದೆ. ಆದರೆ ನಮ್ಮ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅಲ್ಲಿ ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್. ಜೊತೆಗೆ ರಫ್ತನ್ನು ಎಫ್‌ಒಬಿ ಬೆಲೆಯಲ್ಲಿ (ಹಡಗಿಗೆ ಏರಿಸುವವರೆಗಿನ ಬೆಲೆ) ಬರೆಯುತ್ತಾರೆ, ಆಮದನ್ನು ಹೆಚ್ಚಿನ ದೇಶಗಳು ಹಡಗು ಬಾಡಿಗೆ, ವಿಮೆ ಸೇರಿಸಿ ಸಿಐಎಫ್‌ನಲ್ಲಿ ಬರೆಯುತ್ತವೆ. ಹಾಗಾಗಿ ಎರಡು ಕಡೆಯ ಲೆಕ್ಕ ತಾಳೆಯಾಗದಿದ್ದರೆ ಗಾಬರಿ ಬೇಡ.

ಇನ್ನು ಕೊಳ್ಳುವವರ ಹೆಸರಿನ ಪಟ್ಟಿ. ಕೆಲವು ಇಮೇಲ್ ವಾಪಸ್ ಬಂದವು, ಒಂದು ಕಂಪನಿ ಟೈಲ್ಸ್ ಮಾರುತ್ತಂತೆ. ಅದಕ್ಕಿಂತ ಗಂಭೀರ ವಿಷಯ ಕಾನೂನಿನದು. 2022ರಲ್ಲಿ ಕಸ್ಟಮ್ಸ್ ಕಾಯ್ದೆಗೆ 135ಎಎ ಸೆಕ್ಷನ್ ಸೇರಿದೆ. ಆಮದು, ರಫ್ತಿಗೆ ಸಲ್ಲಿಸಿದ ಸರಕಿನ ಬೆಲೆ, ತೂಕ, ವ್ಯಾಪಾರಿಯ ವಿವರವನ್ನು ಕಾನೂನಿನ ಅಗತ್ಯವಿಲ್ಲದೆ ಪ್ರಕಟಿಸಿದರೆ 6 ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ, ಎರಡೂ ಆಗಬಹುದು. ‘ಕಸ್ಟಮ್ಸ್‌ನಿಂದಲೇ ತಂದದ್ದು’ ಅಂತ ಯಾರಾದರೂ ಕೊಚ್ಚಿಕೊಂಡರೆ ದೂರ ಇರಿ.

ದುಡ್ಡು ವಾಪಸ್ ಕೇಳಿದ್ದಕ್ಕೆ, ಆರಂಕಿ ಬೇಕಾದರೆ ಪ್ರೀಮಿಯಂ ಪ್ಲಾನ್, ಇನ್ನೂ 7 ಸಾವಿರ ಅಂದರು. ಆಮೇಲೆ ನಂಬರ್ ಬ್ಲಾಕ್ ಆಯಿತು.

ಈಗ ತೀರ್ಥಹಳ್ಳಿ, ಶಿರಸಿ ಕಡೆ ಅಡಿಕೆ ಡೇಟಾ ಅಂತ ಇಂಥದ್ದೇ ಮೆಸೇಜ್ ಓಡಾಡ್ತಿದೆ. ಅಡಿಕೆ ಕೋಡ್ 080280. ಬರೀ 0802 ಅಂತ ಇದ್ದರೆ ಅದರಲ್ಲಿ ಬಾದಾಮಿ, ಪಿಸ್ತಾ, ಅಕ್ರೋಟ್ ಎಲ್ಲ ಸೇರಿರುತ್ತೆ.