ಐಪೀಸಿಗೆ ತಿರುಗಿಸುವ ಸೌರ ಫಿಲ್ಟರನ್ನು ದಯವಿಟ್ಟು ಬಳಸಬೇಡಿ

2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಎರಡು ವಾರವಿರುವಾಗ ನಾನು 114 ಮಿ.ಮೀ. ವ್ಯಾಸದ ಕನ್ನಡಿಯ, 900 ಮಿ.ಮೀ. ನಾಭಿದೂರದ ದೂರದರ್ಶಕವೊಂದನ್ನು ಕೊಂಡೆ. ಅಷ್ಟು ದೊಡ್ಡದು ಮಾಡಿ ತೋರಿಸುತ್ತದೆಂಬ ಅರ್ಥದಲ್ಲಿ ಪೆಟ್ಟಿಗೆಯ ಮೇಲೆ ‘675 ಪಟ್ಟು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಒಳಗೆ ಕಣ್ಣಿಟ್ಟು ನೋಡುವ ತುದಿಗೆ ಹಾಕುವ ಮಸೂರಗಳಾದ ಮೂರು ಐಪೀಸುಗಳು, ಅವುಗಳ ಹಿಗ್ಗಿಸುವ ಪ್ರಮಾಣವನ್ನು ಹೆಚ್ಚಿಸುವ ಒಂದು ಬಾರ್ಲೋ ಮಸೂರ, ಚಂದ್ರನಿಗೆಂದು ಹಸಿರು ಗಾಜು, ಮತ್ತು ‘ಸನ್’ ಎಂದು ಕೆತ್ತಿದ, ನಾಣ್ಯದಗಲದ ಕಪ್ಪು ಗಾಜು ಇದ್ದವು. ಗ್ರಹಣಕ್ಕೆ ಬೇಕಾದದ್ದೂ ಜೊತೆಯಲ್ಲೇ ಬಂದಿತಲ್ಲ ಎಂದು ಹಿಗ್ಗಿದ್ದೆ.

ಮಡಿಕೇರಿ, ಮಂಗಳೂರುಗಳಲ್ಲಿ ಕಂಕಣ ಕಂಡ ಆ ಬೆಳಗ್ಗೆ ಬೆಂಗಳೂರಿನ ನಮಗೆ ಪಾರ್ಶ್ವಗ್ರಹಣವಷ್ಟೇ. ಕಪ್ಪು ಗಾಜನ್ನು ಐಪೀಸಿನ ಬುಡಕ್ಕೆ ತಿರುಗಿಸಿ, ಮಹಡಿಯ ಮೇಲೆ ಸರದಿಯಂತೆ ನೋಡತೊಡಗಿದೆವು. ಕೆಲವು ನಿಮಿಷಗಳ ಮೇಲೆ, ಮಗಳು ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ ಕ್ಷಣದಲ್ಲಿ ‘ಟಿಕ್’ ಎಂಬ ಸಣ್ಣ ಸದ್ದಾಯಿತು. ನೋಡಿದರೆ ಅವಳ ಸ್ವೆಟರಿನ ತೋಳಿನ ಮೇಲೆ ಕಣ್ಣು ಕೋರೈಸುವ ಬಿಳಿ ಚುಕ್ಕೆ ಬಿದ್ದಿತ್ತು. ಗಾಜು ನಡುವೆ ಸೀಳಿತ್ತು. ಒಂದೆರಡು ಸೆಕೆಂಡು ಮೊದಲು ಆ ಚುಕ್ಕೆ ಇರಬೇಕಾಗಿದ್ದ ಜಾಗ ಅವಳ ಕಣ್ಣು.

ಇದು ನನ್ನ ಗಾಜೊಂದರ ದೋಷವಲ್ಲ, ಅದನ್ನು ಇಡುವ ಜಾಗದ್ದೇ ದೋಷ. ಪೂರ್ಣ ಬಿಸಿಲಿನಲ್ಲಿ 114 ಮಿ.ಮೀ. ಕನ್ನಡಿ ಎಂಟು-ಹತ್ತು ವಾಟ್‌ನಷ್ಟು ಶಕ್ತಿಯನ್ನು ಒಟ್ಟುಗೂಡಿಸಿ ನಾಭಿಯಲ್ಲಿ ಎಂಟು ಮಿ.ಮೀ. ಅಗಲದ ಸೂರ್ಯಬಿಂಬವಾಗಿ ಬೀಳಿಸುತ್ತದೆ, ಈ ಗಾಜು ಕೂರುವುದೂ ಅದರ ಆಸುಪಾಸಿನಲ್ಲೇ. ಗಾಜಿನ ನಡುಭಾಗ ಕಾದು ಹಿಗ್ಗುವಾಗ ಅಂಚು ತಣ್ಣಗಿದ್ದರೆ ಅದು ಬಿರಿಯುತ್ತದೆ. ಕಣ್ಣಿನೊಳಗೆ ಬಿಂಬ ಬೀಳುವ ಪದರವಾದ ರೆಟಿನಾಕ್ಕೆ ನೋವಿನ ಅರಿವಿಲ್ಲ, ಅದು ಸುಟ್ಟರೂ ಆಗಲೇ ತಿಳಿಯುವುದಿಲ್ಲ.

ಸೌರ ಫಿಲ್ಟರು ಇರಬೇಕಾದದ್ದು ದೂರದರ್ಶಕದ ಬಾಯಿಗೆ, ಬೆಳಕು ಒಳಹೊಗುವ ಮೊದಲೇ. ಬೆಳಕಿನ ಒಂದು ಲಕ್ಷದಲ್ಲೊಂದು ಪಾಲನ್ನು ಮಾತ್ರ ಬಿಡುವ ಸೌರ ಹಾಳೆಗಳು ಸಿಗುತ್ತವೆ; ಅದನ್ನು ಗಾಳಿಗೆ ಹಾರದಂತೆ ಬಿಗಿಯಾಗಿ ಕೂರಿಸಿ, ಪ್ರತಿ ಸಲವೂ ಸೂಜಿತೂತುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಗುರಿ ಹಿಡಿಯಲು ಕೊಳವೆಯ ಮೇಲಿರುವ ಸಣ್ಣ ದೂರದರ್ಶಕಕ್ಕೆ, ಅಂದರೆ ಫೈಂಡರಿಗೆ, ಮುಚ್ಚಳ ಹಾಕುವುದನ್ನು ಬಹಳ ಜನ ಮರೆಯುತ್ತಾರೆ, ಆ ದಿನ ನಾನೂ ಮರೆತಿದ್ದೆ.

ಉಳಿದ ಸಾಮಾನಿನ ಕಥೆ ಅಪಾಯದ್ದಲ್ಲ, ಬರೀ ನಷ್ಟದ್ದು. ನಾಭಿದೂರ 900ನ್ನು 4 ಮಿ.ಮೀ. ಐಪೀಸಿನಿಂದ ಭಾಗಿಸಿ ಮೂರು ಪಟ್ಟಿನ ಬಾರ್ಲೋದಿಂದ ಗುಣಿಸಿದರೆ 675 ಬರುವುದು ನಿಜ. ಆದರೆ ವ್ಯಾಸದ ಪ್ರತಿ ಮಿ.ಮೀ.ಗೆ ಎರಡು ಪಟ್ಟು ಎಂಬ ಲೆಕ್ಕದಲ್ಲಿ ಈ ಕನ್ನಡಿಯ ಮಿತಿ 228. ಅದಕ್ಕೂ ಮೀರಿದರೆ ಶನಿಯು ಮಬ್ಬಾದ ಕಡಲೆಕಾಳಿನಂತೆ ನಡುಗುತ್ತದೆ. ಆ 4 ಮಿ.ಮೀ. ಐಪೀಸಿಗೆ ಕನ್ನಡಕ ತೆಗೆದು, ರೆಪ್ಪೆ ತಗುಲುವಷ್ಟು ಹತ್ತಿರ ಕಣ್ಣಿಡಬೇಕಿತ್ತು. ಹಸಿರು ಗಾಜು ಚಂದ್ರನನ್ನು ಹಸಿರು ಮಾಡಿತು, ಅಷ್ಟೇ.

ಆಮೇಲೆ ಬೇರೆಯಾಗಿ ಕೊಂಡ 25 ಮತ್ತು 10 ಮಿ.ಮೀ.ಗಳ, ಪ್ಲಾಸಲ್ ಎಂಬ ಬಗೆಯ ಎರಡು ಐಪೀಸುಗಳು ಈಗಲೂ ಸಾಕಾಗಿವೆ. 90 ಪಟ್ಟಿನಲ್ಲಿ ಶನಿಯ ಬಳೆ ಬೇರೆಯಾಗಿ ಕಾಣುತ್ತದೆ.

2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಮತ್ತೊಂದು ಪಾರ್ಶ್ವಗ್ರಹಣವಿದೆ. ನಿಮ್ಮ ಪೆಟ್ಟಿಗೆಯಲ್ಲಿಯೂ ಅಂಥ ಕಪ್ಪು ಗಾಜಿದ್ದರೆ ಇವತ್ತೇ ಸುತ್ತಿಗೆಯಿಂದ ಒಡೆದುಹಾಕಿ, ಮಕ್ಕಳ ಕೈಗೆ ಸಿಗದಿರಲಿ.