ಕ್ಯಾಲಿಫೋರ್ನಿಯಾದಲ್ಲಿ ‘ತಿಂಗಳ ಸಂಬಳ’ದ ಕೆಲಸ ಒಪ್ಪುವ ಮುನ್ನ ಈ ಲೆಕ್ಕ ನೋಡಿ

“ತಿಂಗಳಿಗೆ 3,640 ಡಾಲರ್, ಊಟ ನಮ್ಮದೇ, ಓವರ್‌ಟೈಮ್ ಅಂತೇನೂ ಇರಲ್ಲ.” ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ) ಇಂಡಿಯನ್ ಹೋಟೆಲು, ದಿನಸಿ ಅಂಗಡಿಗಳಲ್ಲಿ ಬಾಯಿಮಾತಿನಲ್ಲೇ ಮುಗಿಯುವ ಒಪ್ಪಂದ ಇದು. ದೋಸೆ ಕಾವಲಿಯ ಮುಂದೆ ದಿನಕ್ಕೆ 10 ಗಂಟೆಯಂತೆ ವಾರಕ್ಕೆ ಆರು ದಿನ ನಿಂತವರು ಕೆಲಸ ಬಿಡುವ ದಿನ, “ಇನ್ನೇನೂ ಬಾಕಿಯಿಲ್ಲ ಅಂತ ಸಹಿ ಹಾಕು, ಆಮೇಲೆ ಕೊನೆಯ ಚೆಕ್” ಎನ್ನುವ ಮಾತು ಕೇಳಬೇಕಾಗುತ್ತದೆ. ಹಾಗೆ ಸಹಿ ಮಾಡಿಸಿಕೊಳ್ಳುವುದೇ ಕಾನೂನುಬಾಹಿರ. ದುಡಿದ ಕೂಲಿ ಕೊಡಲು ಹಕ್ಕು ಬಿಟ್ಟುಕೊಡುವ ಷರತ್ತು ಹಾಕುವಂತಿಲ್ಲ. ಕಡಿಮೆಗೆ ಒಪ್ಪಿಕೊಂಡಿದ್ದರೂ ಓವರ್‌ಟೈಮ್ ಹಕ್ಕು ಹೋಗುವುದಿಲ್ಲ.

ಈಗ ಲೆಕ್ಕ. ತಿಂಗಳ 3,640 ಅಂದರೆ, 12 ತಿಂಗಳ ಸಂಬಳವನ್ನು 52 ವಾರಕ್ಕೆ ಹಂಚಿದರೆ, ವಾರಕ್ಕೆ 840 ಡಾಲರ್. ಮಾಲೀಕರು ಇದನ್ನು 60 ಗಂಟೆಗೂ ಸೇರಿದ ಸಂಬಳ ಅನ್ನುತ್ತಾರೆ. ಹಾಗೆ ಭಾಗಿಸಿದರೆ ಗಂಟೆಗೆ 14 ಡಾಲರ್, 2026ರ ರಾಜ್ಯದ ಕನಿಷ್ಠ ಕೂಲಿ 16.90ಕ್ಕಿಂತಲೂ ಕಡಿಮೆ. ಆದರೆ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಓವರ್‌ಟೈಮ್‌ಗೆ ಅರ್ಹರಾದವರ ವಾರದ ಸಂಬಳವನ್ನು ಭಾಗಿಸುವುದು 40ರಿಂದ. ಅಂದರೆ ಗಂಟೆಗೆ 21 ಡಾಲರ್, ಅದೂ ಮೊದಲ 40 ಗಂಟೆಗಷ್ಟೇ. ದಿನಕ್ಕೆ 8 ಗಂಟೆ ಅಥವಾ ವಾರಕ್ಕೆ 40 ಗಂಟೆ ದಾಟಿದ ದುಡಿಮೆಗೆ ಒಂದೂವರೆ ಪಟ್ಟು, ದಿನಕ್ಕೆ 12 ಗಂಟೆ ದಾಟಿದರೆ ಎರಡು ಪಟ್ಟು. ಉಳಿದ 20 ಗಂಟೆಗೆ ತಲಾ 31.50ರಂತೆ ವಾರಕ್ಕೆ 630 ಡಾಲರ್ ಪ್ರತ್ಯೇಕವಾಗಿ ಬರಬೇಕು. ಟೆಕ್ಸಾಸ್‌ನಲ್ಲಿರುವ ನೆಂಟರು “ವಾರದ 40 ಗಂಟೆ ಅಷ್ಟೇ ಲೆಕ್ಕ” ಅಂದರೆ ಅದು ಅಲ್ಲಿಗೆ ಸರಿ. ದಿನದ 8 ಗಂಟೆಯ ಮಿತಿ ಇಲ್ಲಿಯದು.

ಜನ ಗಮನಿಸದೇ ಬಿಡುವುದು ಊಟದ ಬಿಡುವನ್ನು. ಹಾಜರಿ ಹಾಕುವ ಟ್ಯಾಬ್ಲೆಟ್ ದಿನವೂ ಮಧ್ಯಾಹ್ನ ಅರ್ಧ ಗಂಟೆಯನ್ನು ತಾನಾಗಿ ಕಳೆದುಬಿಡುತ್ತದೆ. ಅದೇ ಅರ್ಧ ಗಂಟೆ ಕಾವಲಿಯ ಪಕ್ಕದಲ್ಲೇ ನಿಂತು, ಎರಡು ದೋಸೆ ಮಗುಚುವ ನಡುವೆ ಅನ್ನ ನುಂಗಿದ್ದಾಗಿರುತ್ತದೆ. ಕಾನೂನಿನ ಕಣ್ಣಿಗೆ ಅದು ಬಿಡುವೇ ಅಲ್ಲ. ಐದು ಗಂಟೆಗಿಂತ ಹೆಚ್ಚಿನ ಪಾಳಿಯಾದರೆ, ಐದನೇ ಗಂಟೆ ಮುಗಿಯುವುದರೊಳಗೆ ಪೂರ್ತಿ 30 ನಿಮಿಷ ಎಲ್ಲ ಕೆಲಸದಿಂದ ಬಿಡುಗಡೆ ಕೊಡಬೇಕು, ಹೊರಗೆ ಹೋಗಿಬರಲೂ ಬಿಡಬೇಕು. ಕೊಡದ ದಿನಕ್ಕೆ ಒಂದು ಗಂಟೆಯ ಕೂಲಿ ಹೆಚ್ಚುವರಿ, ಕಳೆದ ಅರ್ಧ ಗಂಟೆಯ ಕೂಲಿ ಬೇರೆ. ಆರು ದಿನಕ್ಕೆ 21ರಂತೆ 126. ಓವರ್‌ಟೈಮ್ ಜೊತೆ ಕೂಡಿಸಿ: ವಾರಕ್ಕೆ 756, ಐವತ್ತು ವಾರಕ್ಕೆ 37,800 ಡಾಲರ್. ಪಾಳಿಯ ನಡುವೆ ಕೊಡಬೇಕಾದ ಹತ್ತು ನಿಮಿಷದ ಬಿಡುವುಗಳೂ ಸಿಗದಿದ್ದರೆ ದಿನಕ್ಕೆ ಇನ್ನೊಂದು ಗಂಟೆಯ ಕೂಲಿ ಸೇರುತ್ತದೆ.

“ನಿನ್ನನ್ನು ಕಿಚನ್ ಮ್ಯಾನೇಜರ್ ಮಾಡಿದ್ದೀವಿ, ನಿನಗೆ ಓವರ್‌ಟೈಮ್ ಬರಲ್ಲ” ಎಂಬ ಮಾತಿಗೂ ಮರುಳಾಗಬೇಡಿ. ಹುದ್ದೆಯ ಹೆಸರಿನಿಂದ ಏನೂ ಬದಲಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಸಮಯ ಸ್ವಂತ ವಿವೇಚನೆಯಿಂದ ಮೇಲ್ವಿಚಾರಣೆ ಮಾಡುತ್ತಿರಬೇಕು, ವರ್ಷದ ಸಂಬಳ ಕನಿಷ್ಠ 70,304 ಡಾಲರ್ ಇರಬೇಕು (ಇದು 2026ರ ಮಿತಿ). ಹಿಟ್ಟು ರುಬ್ಬುವವರು ಮ್ಯಾನೇಜರ್ ಅಲ್ಲ. ಟಿಪ್ಸ್ ಕೂಡ ಕೆಲಸಗಾರರದ್ದೇ. ಅದರಲ್ಲಿ ಮಾಲೀಕರು ಪಾಲು ಪಡೆಯುವಂತಿಲ್ಲ, ಅದನ್ನು ತೋರಿಸಿ ಕನಿಷ್ಠ ಕೂಲಿಯಲ್ಲಿ ಕಡಿತ ಮಾಡುವಂತಿಲ್ಲ.

ಸೇರಿದ ಮೊದಲ ದಿನದಿಂದಲೇ ಬಂದ ಹೊತ್ತು, ಊಟಕ್ಕೆ ಕೂತ ಹೊತ್ತು, ಹೊರಟ ಹೊತ್ತು ಬರೆದಿಡಿ. ಪಾಳಿಯ ವಾಟ್ಸಾಪ್ ಮೆಸೇಜುಗಳು, ಗೋಡೆಯ ಮೇಲಿನ ರೋಸ್ಟರಿನ ಫೋಟೋ, ಬ್ಯಾಂಕಿನ ಜಮಾ ವಿವರ ಎಲ್ಲವೂ ಸಾಕ್ಷಿಯೇ. ನಗದು ಕೊಟ್ಟರೂ ಪೇ ಸ್ಟಬ್ (ಸಂಬಳದ ವಿವರದ ಚೀಟಿ) ಕೊಡಲೇಬೇಕು. ಸಂಬಳದ ದಾಖಲೆಗಳ ಪ್ರತಿ ಬೇಕೆಂದು ಲಿಖಿತವಾಗಿ ಕೇಳಿ. ಮಾಲೀಕರು 21 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ 750 ಡಾಲರ್ ದಂಡ. ಮಾಲೀಕರ ಬಳಿ ಸರಿಯಾದ ಹಾಜರಿಯೇ ಇಲ್ಲವೆಂದರೆ ನೀವು ಕೊಡುವ ನಂಬಲರ್ಹ ಅಂದಾಜಿಗೆ ಬೆಲೆ ಬರುತ್ತದೆ. ಅದಕ್ಕೇ ಆ ನೋಟ್‌ಬುಕ್ ಕೆಲಸದ ಜಾಗದಲ್ಲಿ ಬೇಡ, ಮನೆಯಲ್ಲಿರಲಿ.

ಕೆಲಸದಿಂದ ತೆಗೆದರೆ ಬಾಕಿ ಸಂಬಳ ಅದೇ ಕ್ಷಣ ಕೊಡಬೇಕು. ಮುನ್ಸೂಚನೆಯಿಲ್ಲದೆ ನೀವೇ ಬಿಟ್ಟರೆ 72 ಗಂಟೆಯೊಳಗೆ. ಬೇಕೆಂದೇ ತಡ ಮಾಡಿದರೆ ಪ್ರತಿ ದಿನಕ್ಕೂ ಒಂದು ದಿನದ ಕೂಲಿಯಂತೆ 30 ದಿನದವರೆಗೆ ದಂಡ ಬೆಳೆಯುತ್ತದೆ.

“ವೀಸಾ ವಿಚಾರ ಹೇಳಿಬಿಡ್ತೀನಿ” ಎಂಬ ಬೆದರಿಕೆಗೆ ಹೆದರಿ ಸುಮ್ಮನಾಗುವವರೇ ಹೆಚ್ಚು. ದುಡಿದ ಕೂಲಿಗೂ ವಲಸೆ ಸ್ಥಿತಿಗೂ ಈ ರಾಜ್ಯದ ಕಾರ್ಮಿಕ ಕಾನೂನು ಗಂಟು ಹಾಕುವುದಿಲ್ಲ, ಆ ಬೆದರಿಕೆಯೇ ಪ್ರತ್ಯೇಕ ತಪ್ಪು. ದೂರು ಕೊಟ್ಟ 90 ದಿನದೊಳಗೆ ಕೆಲಸದಿಂದ ತೆಗೆದರೆ ಅದು ಸೇಡಿನ ಕ್ರಮವೆಂದೇ ಮೊದಲಿಗೆ ಭಾವಿಸುವ ನಿಯಮ 2024ರಿಂದ ಜಾರಿಯಲ್ಲಿದೆ. ಆದರೆ ಅನುಮತಿಯಿಲ್ಲದೆ ದುಡಿದ ವಿದ್ಯಾರ್ಥಿಗಳಿಗೆ ವೀಸಾದ ತೊಂದರೆ ಬೇರೆಯೇ ಇರುತ್ತದೆ. ಅವರು ಮೊದಲು ವಲಸೆ ವಕೀಲರನ್ನು ಕಾಣಲಿ.

ದೂರು ಹೋಗಬೇಕಾದದ್ದು ರಾಜ್ಯ ಸರ್ಕಾರದ ಲೇಬರ್ ಕಮಿಷನರ್ ಕಚೇರಿಗೆ. ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ, ದುಭಾಷಿ ಬೇಕಿದ್ದರೆ ಅರ್ಜಿಯಲ್ಲೇ ಭಾಷೆ ತಿಳಿಸಿ. ಓವರ್‌ಟೈಮ್ ಬಾಕಿಗೆ ಮೂರು ವರ್ಷದ ಗಡುವಿದೆ. ಒಂದೊಂದು ವಾರ ಕಳೆದಂತೆ ಹಳೆಯ ಒಂದೊಂದು ವಾರದ ಹಣ ಕೈತಪ್ಪುತ್ತದೆ. ತೀರ್ಪಿಗೆ ವರ್ಷಗಳೇ ಹಿಡಿಯುವುದುಂಟು. ಆ ನಡುವೆ ಮನೆ ಬದಲಿಸಿದರೆ ಹೊಸ ವಿಳಾಸವನ್ನು ಕಚೇರಿಗೆ ಕೂಡಲೇ ತಿಳಿಸಿ. ನೋಟಿಸ್ ಹಳೆಯ ಮನೆಗೆ ಹೋಗಿ ವಿಚಾರಣೆ ತಪ್ಪಿದರೆ ಕ್ಲೇಮ್ ವಜಾ ಆಗಬಹುದು.