ಗದ್ದಲದಲ್ಲಿ ಫೋನ್ ಕೇಳಿಸಲಿಲ್ಲ ಅಂತ ವಾಲ್ಯೂಮ್ ಏರಿಸುತ್ತಾ ಹೋಗಬೇಡಿ

ನನ್ನ ಕೆಲಸ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಮಷಿನ್ ಓಡುತ್ತಿರುವಾಗಲೇ ಪಾರ್ಟಿಗಳ, ಅಂದರೆ ಗಿರಾಕಿಗಳ, ಫೋನ್ ಬರುತ್ತಿರುತ್ತದೆ. ಒಂದು ಕೈಯಲ್ಲಿ ಈಗಷ್ಟೇ ಹೊರಬಂದ ಶೀಟು, ಇನ್ನೊಂದು ಕೈಯಲ್ಲಿ ಫೋನು. ಹಾಗೇ ಮಷಿನ್ ಪಕ್ಕ ನಿಂತು ಮಾತಾಡುವುದು ವರ್ಷಗಳಿಂದ ರೂಢಿಯಾಗಿತ್ತು.

ಒಂದು ದಿನ ಪಾರ್ಟಿಯೊಬ್ಬರು ಫೋನ್ ಮಾಡಿ "ಇವತ್ತು ಪ್ರಿಂಟ್ ಬೇಡ" ಅಂದರು. ನನಗೆ ಕೇಳಿಸಿದ್ದು "ಇವತ್ತು ಪ್ರಿಂಟ್ ಬೇಗ". "ಆಯ್ತು ಸಾರ್, ಆಯ್ತು ಸಾರ್" ಅಂದೆ. ಆಮೇಲೆ ಅವರು ಇನ್ನೂ ಏನೋ ಹೇಳಿದರು. ಒಂದು ಮಾತೂ ಕೇಳಿಸಲಿಲ್ಲ, ಆದರೂ ಹ್ಞೂಂಗುಟ್ಟಿದೆ. ಎರಡನೇ ಪುಟದಲ್ಲಿ ತಪ್ಪಿದೆ, ತಿದ್ದಿ ಕಳಿಸ್ತೀನಿ ಅಂತ ಅವರು ಹೇಳುತ್ತಿದ್ದರಂತೆ. ಸಂಜೆ ಅವರ ತಿದ್ದುಪಡಿ ಬರುವಷ್ಟರಲ್ಲಿ 2,000 ಕಾಪಿ ಹೊಡೆದು ಮುಗಿದಿತ್ತು.

ಬೇಡ, ಬೇಗ. ಎರಡಕ್ಕೂ ಇರುವುದು ಒಂದೇ ಒಂದು ವ್ಯಂಜನದ ವ್ಯತ್ಯಾಸ. ಸ್ವರಗಳಿಗೆ ಕಸುವು ಜಾಸ್ತಿ, ಗದ್ದಲದ ನಡುವೆಯೂ ತೂರಿ ಬರುತ್ತವೆ. ವ್ಯಂಜನಗಳು ಮೆತ್ತಗೆ, ಚಿಕ್ಕದಾಗಿ ಬಂದು ಹೋಗುತ್ತವೆ, ಮೊದಲು ಮುಳುಗುವುದೂ ಅವೇ. ಅದರ ಮೇಲೆ ಹಳೇ ರೀತಿಯ ಫೋನ್ ಕರೆ ಸಾಗಿಸುವುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ (ಹರ್ಟ್ಸ್ ಅಂದರೆ ಸದ್ದಿನ ಸ್ಥಾಯಿಯ ಅಳತೆ). ಸ, ಶ, ಫ ಇವುಗಳ ಸುಯ್ಯೆನ್ನುವ ಸದ್ದಿನಲ್ಲಿ ಸಾಕಷ್ಟು ಪಾಲು ಅದಕ್ಕಿಂತ ಮೇಲಿರುತ್ತದೆ, ಆ ಪಾಲು ನಮ್ಮ ಕಿವಿವರೆಗೆ ಬರುವುದೇ ಇಲ್ಲ. ಬಾರದೇ ಇರುವ ಸದ್ದನ್ನು ವಾಲ್ಯೂಮ್ ಎಲ್ಲಿಂದ ತರಬೇಕು? ಇದೆಲ್ಲ ಗೊತ್ತಾಗಿದ್ದು ಆಮೇಲೆ.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ವಾಲ್ಯೂಮ್ ಪೂರ್ತಿ ಏರಿಸಿದೆ. ಸಾಲಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದೆ, ಕಿವಿ ಕೆಂಪಾಗುವಷ್ಟು. ಅದೂ ಸಾಲದೆ ವಾಲ್ಯೂಮ್ ಬೂಸ್ಟರ್ ಅಂತ ಒಂದು ಆ್ಯಪ್ ಹಾಕಿಕೊಂಡೆ. ಸದ್ದು ಜಾಸ್ತಿ ಆಯಿತೋ ಇಲ್ಲವೋ, ಜಾಹೀರಾತು ಮಾತ್ರ ಜಾಸ್ತಿ ಆಯಿತು. ಇಯರ್‌ಫೋನ್ ಹಾಕಿದಾಗ ಮಾತು ಒಡೆದು ಕರಕರ ಅನ್ನುತ್ತಿತ್ತು, ಅಷ್ಟೇ. ಸದ್ದು ಜಾಸ್ತಿ ಮಾಡಲು ಆ ಆ್ಯಪ್ ಫೋನಿನಲ್ಲಿರುವ ಹೆಸರುಗಳನ್ನೆಲ್ಲ ಯಾಕೆ ಓದಬೇಕು ಅಂತ ಆಗ ಹೊಳೆಯಲೂ ಇಲ್ಲ. ಅನುಮತಿ ಕೇಳಿತು, ಕೊಟ್ಟೆ.

ಆಮೇಲೆ ಇಯರ್‌ಬಡ್ಸ್. ಡಬ್ಬಿಯ ಮೇಲೆ ದೊಡ್ಡದಾಗಿ ನಾಯ್ಸ್ ಕ್ಯಾನ್ಸಲೇಶನ್ ಅಂತಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಇಎನ್‌ಸಿ. ಅದನ್ನು ಓದಿದೆ, ಅರ್ಥ ಗೊತ್ತಿರಲಿಲ್ಲ. ದಯವಿಟ್ಟು ನೀವು ಗೊತ್ತು ಮಾಡಿಕೊಳ್ಳಿ: ಎಎನ್‌ಸಿ ಅಂದರೆ ನಿಮ್ಮ ಕಿವಿಗೆ ಬರುವ ಗದ್ದಲ ಕಡಿಮೆ ಮಾಡುವಂಥದ್ದು. ಇಎನ್‌ಸಿ ಅಂದರೆ ನಿಮ್ಮ ಮೈಕ್‌ಗೆ ಬೀಳುವ ಗದ್ದಲ ತೆಗೆಯುವಂಥದ್ದು, ಅಂದರೆ ಅದರ ಲಾಭ ಆ ಕಡೆಯವರಿಗೆ. ನಾನು ದುಡ್ಡು ಕೊಟ್ಟು ಪಾರ್ಟಿಗಳ ಕಿವಿ ತಂಪು ಮಾಡಿದ್ದೆ.

ಇದರಿಂದ ಇನ್ನೊಂದು ಫಜೀತಿ ಆಯಿತು. ಮೊದಲೆಲ್ಲ ಮಷಿನ್ ಸದ್ದು ಕೇಳಿ ಆ ಕಡೆಯವರೂ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಈಗ ಅವರಿಗೆ ಗದ್ದಲವೇ ಇಲ್ಲ! ಮನೆಯಲ್ಲಿ ಕೂತು ಪಕ್ಕದವರ ಜೊತೆ ಹರಟಿದ ಹಾಗೆ ಮೆತ್ತಗೆ ಮಾತಾಡತೊಡಗಿದರು. ನಾನು ಮಾತ್ರ ಕಿರುಚುತ್ತಿದ್ದೆ. "ಯಾಕ್ರೀ ಹಾಗೆ ಕೂಗ್ತೀರಿ, ಏನಾಯ್ತು?" ಅಂತ ಒಬ್ಬರು ಕೇಳಿಯೂಬಿಟ್ಟರು.

ಹಟ ಬಿಡದೆ ಎಎನ್‌ಸಿ ಇರುವುದನ್ನೂ ತಗೊಂಡೆ. ಅದು ಸುಳ್ಳಲ್ಲ, ಕೆಲಸ ಮಾಡುತ್ತದೆ. ಮಷಿನ್ನಿನ ಒಂದೇ ಸಮನೆ ಗುಂಯ್ ಅನ್ನುವ ಸದ್ದು ಅರ್ಧಕ್ಕರ್ಧ ಇಳಿದ ಹಾಗಾಯಿತು. ಆದರೆ ಶೀಟು ಎಳೆಯುವ ಟಕ್ ಟಕ್, ಪಕ್ಕದವರ ಮಾತು, ಕಬ್ಬಿಣ ಬಿದ್ದ ಸದ್ದು, ಇವೆಲ್ಲ ಇದ್ದ ಹಾಗೇ ಇದ್ದವು. ತಗ್ಗು ಸ್ಥಾಯಿಯ, ಬದಲಾಗದ ಸದ್ದಿಗೇ ಅದರ ಬಲ. ವಿಮಾನದಲ್ಲಿ ಸೊಗಸು, ಜನರ ನಡುವೆ ಅಷ್ಟಕ್ಕಷ್ಟೆ. ಒಂದು ಸಲ ಹಿಂದಿನಿಂದ ಪೇಪರ್ ಟ್ರಾಲಿ ಬಂದಿದ್ದು ಗೊತ್ತೇ ಆಗಲಿಲ್ಲ, ಹುಡುಗ ಭುಜ ಹಿಡಿದು ಎಳೆದ. ಜನ, ಟ್ರಾಲಿ ಓಡಾಡುವ ಜಾಗದಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಿಲ್ಲಬೇಡಿ.

ಹೀಗೇ ತಿಂಗಳುಗಳು ಕಳೆದವು. ಒಂದು ರಾತ್ರಿ ಮಲಗಿದಾಗ ಕೀಂ ಅಂತ ಸಣ್ಣ ಸದ್ದು. ಚಾರ್ಜರ್ ಇರಬೇಕು ಅಂದುಕೊಂಡು ಪ್ಲಗ್ ಕಿತ್ತೆ. ನಿಲ್ಲಲಿಲ್ಲ. ಎದ್ದು ಫ್ಯಾನ್ ಆರಿಸಿದೆ, ಇನ್ನೂ ಚೆನ್ನಾಗಿ ಕೇಳಿಸಿತು. ಬಲಗಿವಿಯ ಮೇಲೆ ಕೈ ಇಟ್ಟೆ. ಸದ್ದು ಒಳಗಿನದು.

ಸುಮ್ನೆ ಸುಸ್ತು ಇರಬೇಕು, ತಾನೇ ಹೋಗುತ್ತೆ ಅಂತ ತಳ್ಳುತ್ತಾ ಬಂದೆ. ಕೊನೆಗೆ ಕಿವಿ ಡಾಕ್ಟರ್ ಹತ್ತಿರ ಹೋದಾಗ ಕೋಣೆಯೊಳಗೆ ಕೂರಿಸಿ ಪರೀಕ್ಷೆ ಮಾಡಿದರು. ಚಾರ್ಟಿನಲ್ಲಿ ಗೆರೆ ಎಲ್ಲ ಕಡೆ ಸರಿಯಾಗಿದ್ದು, 4,000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದ ಹಾಗೆ ಕುಸಿದಿತ್ತು. ಜೋರು ಸದ್ದಿನಿಂದ ಕೆಟ್ಟ ಕಿವಿಯ ಗುರುತು ಅದೇ ಅಂತೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಜೀವಕೋಶಗಳು ಸುಮಾರು 15,000 ಇರುತ್ತವೆ. ಮನುಷ್ಯರಲ್ಲಿ ಸತ್ತವು ಮತ್ತೆ ಹುಟ್ಟುವುದಿಲ್ಲ. ಇನ್ನೊಂದು ವಿಷಯ ನೋಡಿ: ವ್ಯಂಜನಗಳನ್ನು ಬೇರೆ ಬೇರೆ ಮಾಡಿ ತಿಳಿಯಲು ಬೇಕಾದದ್ದೂ ಆ ಮೇಲಿನ ಸ್ಥಾಯಿಗಳೇ. ಬೇಡ ಯಾವುದು, ಬೇಗ ಯಾವುದು ಅಂತ ತಿಳಿಯಲು ವಾಲ್ಯೂಮ್ ಏರಿಸಿದೆ, ಅದನ್ನು ತಿಳಿಯುವ ಶಕ್ತಿಯೇ ಹೋಯಿತು.

ಕಿವಿ ಎಷ್ಟು ಸದ್ದನ್ನು ಎಷ್ಟು ಹೊತ್ತು ತಡೆಯುತ್ತದೆ ಅನ್ನುವ ಲೆಕ್ಕ ಹೀಗಿದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಬರೀ 1 ಗಂಟೆ. ಸುತ್ತಲೇ 88 ಇದ್ದರೆ ಫೋನಿನ ಮಾತು ಕೇಳಿಸಲು ಅದಕ್ಕಿಂತ ಜೋರಾಗಿರಬೇಕಲ್ವಾ? ಅಂದರೆ ಗದ್ದಲದ ಪಾಲಿನ ಮೇಲೆ ಫೋನಿನ ಪಾಲನ್ನೂ ಕಿವಿ ಹೊರಬೇಕು.

ಈಗ ನಾನು ಮಾಡುವುದು ಬೇರೆ. ಫೋನ್ ಬಂದರೆ "ಒಂದ್ನಿಮಿಷ ಸಾರ್" ಅಂದು ಮೆಟ್ಟಿಲ ಹತ್ತಿರ ಹೋಗುತ್ತೇನೆ. ಇದಕ್ಕೆ ಸಮನಾದ ಯಂತ್ರ ಯಾವುದೂ ಇಲ್ಲ. ಹೋಗಲು ಆಗದಿದ್ದರೆ, ಟ್ರಾಲಿ ಓಡಾಡದ ಮೂಲೆಯಲ್ಲಿ ನಿಂತು, ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂರುವ ವೈರ್ ಇರುವ ಇಯರ್‌ಫೋನು, ಎರಡೂ ಕಿವಿಗೆ. ಹೊರಗಿನ ಗದ್ದಲ ಅಲ್ಲೇ ತಡೆಯುತ್ತದೆ, ಮಾತೂ ಎರಡು ಕಿವಿಗೆ ಬರುತ್ತದೆ, ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಹೋಗುವುದಿಲ್ಲ. ಇಯರ್‌ಫೋನ್ ಇಲ್ಲದಿದ್ದರೆ ಖಾಲಿ ಕಿವಿಯ ಮುಂದಿರುವ ಪುಟ್ಟ ಉಬ್ಬನ್ನು ಬೆರಳಿನಿಂದ ಒತ್ತಿ ಮುಚ್ಚುತ್ತೇನೆ. ಬೆರಳು ಒಳಗೆ ತುರುಕುವುದು ಬೇಡ.

ಫೋನನ್ನೂ ಒಮ್ಮೆ ನೋಡಿ. ನನ್ನದರಲ್ಲಿ ಸ್ಕ್ರೀನ್ ಗಾರ್ಡ್ ಸ್ವಲ್ಪ ಮೇಲೆ ಸರಿದು ಇಯರ್‌ಪೀಸ್ ಅನ್ನೇ ಅರ್ಧ ಮುಚ್ಚಿತ್ತು, ಉಳಿದರ್ಧಕ್ಕೆ ಕಾಗದದ ಧೂಳು ತುಂಬಿತ್ತು. ಒಣ, ಮೆತ್ತನೆ ಬ್ರಷ್ಷಿನಿಂದ ಉಜ್ಜಿದೆ. ಪಿನ್ ಚುಚ್ಚಿದರೆ ಜಾಲರಿ ಹರಿಯುತ್ತದೆ. ಮೇಲ್ತುದಿಯಲ್ಲೋ ಹಿಂಬದಿಯಲ್ಲೋ ಇರುವ ಸಣ್ಣ ತೂತು ಎರಡನೇ ಮೈಕ್, ಗದ್ದಲ ಯಾವುದು ಅಂತ ಫೋನ್ ತಿಳಿಯುವುದು ಅದರಿಂದ. ಕವರ್ ಅಥವಾ ಬೆರಳು ಅದನ್ನು ಮುಚ್ಚಿರಬಾರದು. ವೋಲ್ಟಿ (4ಜಿ ನೆಟ್‌ವರ್ಕಿನಲ್ಲೇ ಕರೆ ಸಾಗಿಸುವ ಸೆಟ್ಟಿಂಗ್) ಆಫ್ ಆಗಿದ್ದರೆ ಆನ್ ಮಾಡಿ. ಎರಡೂ ಕಡೆ ಇದ್ದು ನೆಟ್‌ವರ್ಕ್ ಒಪ್ಪಿದರೆ ಸದ್ದು 7,000 ಹರ್ಟ್ಸ್‌ವರೆಗೆ ಬರುತ್ತದೆ, ಸ ಶ ಎಲ್ಲ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಆಫೀಸಿನ ಲ್ಯಾಂಡ್‌ಲೈನ್‌ಗೆ ನಮ್ಮ ಹಿರಿಯ ಮಷಿನ್‌ಮ್ಯಾನ್ ಒಂದು ಉಪಾಯ ಹೇಳಿಕೊಟ್ಟರು. "ಕೇಳೋವಾಗ ಬಾಯಿ ಕಡೆ ಅಂಗೈ ಮುಚ್ಚು ಕಣಪ್ಪಾ" ಅಂದರು. ನಗಬೇಡಿ, ನಿಜ. ಆ ಫೋನಿನಲ್ಲಿ ನಮ್ಮ ಮೈಕ್‌ಗೆ ಬಿದ್ದ ಸದ್ದು ಸ್ವಲ್ಪ ನಮ್ಮ ಕಿವಿಗೇ ವಾಪಸ್ ಬರುತ್ತದೆ. ಕೈ ಮುಚ್ಚಿದರೆ ಕೋಣೆಯ ಗದ್ದಲ ಆ ದಾರಿಯಲ್ಲಿ ಬರುವುದು ನಿಲ್ಲುತ್ತದೆ. ಮೊಬೈಲಿನಲ್ಲಿ ಇದು ಅಷ್ಟಾಗಿ ನಡೆಯುವುದಿಲ್ಲ.

ಸಂಖ್ಯೆ, ದಿನಾಂಕ, ಬೇಕು ಬೇಡ ಇವನ್ನೆಲ್ಲ ಮೆಸೇಜಿನಲ್ಲೇ ಹಾಕಿಸಿಕೊಳ್ಳುತ್ತೇನೆ. ಕೇಳಿಸದಿದ್ದರೆ "ಕೇಳಿಸಲಿಲ್ಲ" ಅನ್ನುತ್ತೇನೆ. ಮೂರು ಸಲ ಅನ್ನಬೇಕಾದರೂ ಸರಿ.

ಬಲಗಿವಿಯ ಕೀಂ ಇನ್ನೂ ಇದೆ, ಇದನ್ನು ಬರೆಯುವಾಗಲೂ. ನಿಮಗೂ ಗದ್ದಲದಿಂದ ಬಂದ ಮೇಲೆ ಅಂಥ ಸದ್ದು ಒಂದೆರಡು ದಿನದಲ್ಲಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂದವಾದರೆ ಅವತ್ತೇ ಹೋಗಿ, ಅದಕ್ಕೆ ಔಷಧಿ ಬೇಗ ಶುರುವಾಗಬೇಕು. ನಾನು ನಾಲ್ಕು ತಿಂಗಳು ತಳ್ಳಿದ್ದೆ.